ರೋಹ್ತಾಂಗ್: ಬೆಟ್ಟ ಹತ್ತಿ ಹೋಗಿ, ಸುರಂಗದಲ್ಲಿ ಬನ್ನಿ

ಮನಾಲಿಯ ಹೋಟೆಲಿನಲ್ಲಿ ರಗ್ಗು ಹೊದ್ದು ಮಲಗಿರುವಾಗಲೇ ನೀವು ಮುಳ್ಳಯ್ಯನಗಿರಿಯ ತುದಿಗಿಂತ ಎತ್ತರದಲ್ಲಿರುತ್ತೀರಿ. ಊರಿನ ಎತ್ತರವೇ ಸುಮಾರು 2,050 ಮೀಟರ್. ಅಲ್ಲಿಂದ 51 ಕಿ.ಮೀ. ದೂರದ ರೋಹ್ತಾಂಗ್ ಪಾಸ್, ಅಂದರೆ ಬೆಟ್ಟಸಾಲು ದಾಟುವ ಘಾಟಿ, 3,978 ಮೀಟರ್ ಎತ್ತರದಲ್ಲಿದೆ. ಬೆಳಿಗ್ಗೆ ಎದ್ದು ಹೆಚ್ಚುಕಡಿಮೆ ಎರಡು ಕಿ.ಮೀ. ಮೇಲಕ್ಕೇರಿ ಸಂಜೆಗೆ ಮತ್ತೆ ಇಳಿದುಬಿಡುವ ಪ್ರವಾಸ ಇದು. ಜೂನ್ ತಿಂಗಳಲ್ಲಿ ನಾನು, ನನ್ನ ಹೆಂಡತಿ ಮತ್ತು ಅರವತ್ತಾರರ ಅಮ್ಮ ಹೋಗಿಬಂದೆವು. ಹೊರಡುವವರಿಗೆ ಉಪಯೋಗವಾಗಲಿ ಎಂದು ನಮ್ಮ ತಪ್ಪುಗಳನ್ನೂ ಸೇರಿಸಿ ಬರೆಯುತ್ತಿದ್ದೇನೆ.

ಮೊದಲ ತಪ್ಪು ಮಂಗಳವಾರ. ಮನೆಯಲ್ಲಿ ಕುಳಿತು ಕ್ಯಾಲೆಂಡರ್ ನೋಡಿ ನಾವು ನಿಗದಿ ಮಾಡಿದ್ದ ದಿನ ಅದೇ. ರಸ್ತೆ ದುರಸ್ತಿಗಾಗಿ ಮಂಗಳವಾರ ಪ್ರವಾಸಿ ವಾಹನಗಳಿಗೆ ರೋಹ್ತಾಂಗ್ ಬಂದ್ ಎಂಬುದು ಮನಾಲಿ ತಲುಪಿದ ಮೇಲಷ್ಟೇ ತಿಳಿಯಿತು. ಉಳಿದ ದಿನಗಳಲ್ಲೂ ಪರ್ಮಿಟ್ ಬೇಕು. ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ಆದೇಶದಂತೆ ದಿನಕ್ಕೆ 800 ಪೆಟ್ರೋಲ್, 400 ಡೀಸೆಲ್ ಪ್ರವಾಸಿ ವಾಹನಗಳ ಮಿತಿ ಇದೆ. ಪರ್ಮಿಟ್ ಸಿಗುವುದು ಆನ್‌ಲೈನ್‌ನಲ್ಲಿ, ವಾಹನದ ಹೆಸರಿನಲ್ಲಿ, ಒಂದು ದಿನದ ಮಟ್ಟಿಗೆ. ರಜೆಯ ಕಾಲದಲ್ಲಿ ಬೇಗ ಮುಗಿದುಹೋಗುತ್ತದೆ. ಟ್ಯಾಕ್ಸಿ ಮಾಡುವವರು ಆ ಕಾರಿನ ನಂಬರು ಮತ್ತು ನಿಮ್ಮ ದಿನಾಂಕ ಇರುವ ಪರ್ಮಿಟ್ಟನ್ನು ಕಣ್ಣಾರೆ ನೋಡಿದ ಮೇಲೆಯೇ ಮುಂಗಡ ಕೊಡಿ. ನಮಗೆ ಮೊದಲು ಸಿಕ್ಕ ಏಜೆಂಟ್ 'ರೋಹ್ತಾಂಗ್ ಪ್ಯಾಕೇಜ್' ಎಂದು ಮಾರಲು ಹೊರಟಿದ್ದು ಸುರಂಗದ ಮೂಲಕ ಹೋಗಿ ಬರುವ ಪ್ರವಾಸವನ್ನು. ಅದರಲ್ಲಿ ರೋಹ್ತಾಂಗ್ ತಲೆಯ ಮೇಲೆಲ್ಲೋ ಇರುತ್ತದೆ, ಕಣ್ಣಿಗೆ ಬೀಳುವುದಿಲ್ಲ.

ಅಟಲ್ ಸುರಂಗ 2020ರ ಅಕ್ಟೋಬರ್ 3ರಂದು ಉದ್ಘಾಟನೆಯಾದ ಮೇಲೆ ರೋಹ್ತಾಂಗ್ ಹತ್ತುವ ಅಗತ್ಯವೇ ಇಲ್ಲ ಎನ್ನುವವರಿದ್ದಾರೆ. ಲಡಾಖ್‌ಗೆ ಹೋಗುವವರಿಗೆ ಅದು ನಿಜ. ಆದರೆ ದಾರಿ ನೋಡಲೆಂದೇ ಹೊರಟವರಿಗೆ ಎರಡನ್ನೂ ಸೇರಿಸಿ ಒಂದು ಸುತ್ತು ಹಾಕುವುದೇ ಸರಿ. ಹೋಗುವಾಗ ಬೆಟ್ಟ ಹತ್ತಿ, ಆಚೆ ಕಡೆ ಲಾಹೌಲ್ ಕಣಿವೆಗೆ ಇಳಿದು, ಬರುವಾಗ ಸುರಂಗ ಹಿಡಿಯಬೇಕು. ಈ ಕ್ರಮವನ್ನು ತಿರುಗಿಸಬೇಡಿ. ಬೆಳಿಗ್ಗೆ ಬೇಗ ಹತ್ತಿದರೆ ಮೋಡ ಕವಿಯುವ ಮೊದಲೇ ಮೇಲಿರುತ್ತೀರಿ. ಮಧ್ಯಾಹ್ನದ ಮೇಲೆ ಇದೇ ರಸ್ತೆಯಲ್ಲಿ ಇಳಿಯಲು ಹೋದರೆ ಸಾಲುಗಟ್ಟಿ ನಿಂತ ಕಾರುಗಳ ಹೊಗೆ ಕುಡಿಯಬೇಕಾಗುತ್ತದೆ. ಆಚೆ ಕಡೆ ಇಳಿಯುವ ಯೋಜನೆಯನ್ನು ಚಾಲಕನಿಗೆ ಹಿಂದಿನ ದಿನವೇ ತಿಳಿಸಿ ಬಾಡಿಗೆ ಮಾತನಾಡಿಕೊಳ್ಳಿ. ಬಹಳಷ್ಟು ಮಂದಿ ಪಾಸ್ ಮುಟ್ಟಿ ತಿರುಗಿಬಿಡುವುದರಿಂದ ಅವರ ಲೆಕ್ಕವೂ ಅಷ್ಟಕ್ಕೇ ಇರುತ್ತದೆ.

ನಾವು ಹೊರಟದ್ದು ಐದೂವರೆಗೆ. ಪಲಚಾನ್ ದಾಟುತ್ತಿದ್ದಂತೆ ರಸ್ತೆಯ ಎರಡೂ ಬದಿ ಕೋಟು, ಗಮ್‌ಬೂಟು ಬಾಡಿಗೆಗೆ ಕೊಡುವ ಅಂಗಡಿಗಳು. ನೂರು ಮೀಟರ್ ಎತ್ತರಕ್ಕೆ ಸುಮಾರು ಅರ್ಧ ಡಿಗ್ರಿಗಿಂತ ತುಸು ಹೆಚ್ಚು ತಾಪಮಾನ ಇಳಿಯುತ್ತದೆಂದು ಲೆಕ್ಕ ಹಾಕಿದರೂ ಮೇಲೆ ಮನಾಲಿಗಿಂತ ಹನ್ನೆರಡು ಡಿಗ್ರಿ ಕಡಿಮೆ; ಅದರ ಮೇಲೆ ಗಾಳಿ ಬೇರೆ. ಮನೆಯಿಂದ ತಂದ ಸ್ವೆಟರ್, ಮಂಕಿಕ್ಯಾಪ್, ಗಾಳಿ ತಡೆಯುವ ಜಾಕೆಟ್ ನಮಗೆ ಸಾಕಾಯಿತು. ಹಿಮದಲ್ಲಿ ಹೊರಳಾಡುವ ಆಸೆ ಇದ್ದರೆ ಮಾತ್ರ ಬಾಡಿಗೆ ಕೊಡಿ. ಕಪ್ಪು ಕನ್ನಡಕವನ್ನು ಮಾತ್ರ ಮರೆಯಬೇಡಿ, ಹಿಮದ ಮೇಲಿನ ಬಿಸಿಲು ಕಣ್ಣಿಗೆ ಚುಚ್ಚುತ್ತದೆ.

ಗುಲಾಬಾದಲ್ಲಿ ಪರ್ಮಿಟ್ ತಪಾಸಣೆ ಮುಗಿದ ಮೇಲೆ ದೇವದಾರು ಮರಗಳು ತೆಳುವಾಗುತ್ತಾ ಹೋಗಿ ಒಂದು ತಿರುವಿನಲ್ಲಿ ಇಲ್ಲವೇ ಆಗುತ್ತವೆ. ಮರ್ಹಿಯಲ್ಲಿ ಢಾಬಾಗಳಿವೆ, ಪರಾಠ ಸಿಗುತ್ತದೆ. ಅಲ್ಲಿ ಅರ್ಧ ಗಂಟೆಯಾದರೂ ನಿಲ್ಲಿ. ಹಸಿವಿಗಿಂತ ಹೆಚ್ಚಾಗಿ ಶ್ವಾಸಕೋಶಕ್ಕಾಗಿ. ರೋಹ್ತಾಂಗ್‌ನಲ್ಲಿ ಉಸಿರಿಗೆ ಸಿಗುವ ಆಮ್ಲಜನಕ ಸಮುದ್ರಮಟ್ಟದ ಶೇ 60ರ ಆಸುಪಾಸು ಮಾತ್ರ. ದೆಹಲಿಯಿಂದ ರಾತ್ರಿ ಬಸ್ಸಿನಲ್ಲಿ ಬಂದು ಇಳಿದ ದಿನವೇ ಹತ್ತುವುದು ಅವಿವೇಕ, ಮನಾಲಿಯಲ್ಲಿ ಒಂದು ದಿನವಾದರೂ ಸುಮ್ಮನಿರಿ. ನೀರು ಕುಡಿಯುತ್ತಿರಿ, ಹೊಟ್ಟೆ ಬಿರಿಯುವಂತೆ ತಿನ್ನಬೇಡಿ, ಮೇಲೆ ಓಡಬೇಡಿ. ಹೃದಯ ಅಥವಾ ಉಸಿರಾಟದ ತೊಂದರೆ ಇರುವವರು ಊರಿನಿಂದ ಹೊರಡುವ ಮೊದಲೇ ವೈದ್ಯರನ್ನು ಕೇಳಿ. ತಲೆನೋವಿನ ಜೊತೆ ವಾಂತಿ, ಓಲಾಟ ಶುರುವಾದರೆ ತಡಮಾಡದೆ ಕೆಳಗಿಳಿಯಬೇಕು. ಕರ್ಪೂರ ಮೂಸಿದರೆ ಸರಿಹೋಗುತ್ತದೆ ಎನ್ನುವವರ ಮಾತು ಕೇಳುತ್ತಾ ಕೂರಬೇಡಿ. ನಮ್ಮ ಅಮ್ಮ ಗಟ್ಟಿಯಾಗಿದ್ದರು. ತಲೆ ಹಿಡಿದುಕೊಂಡದ್ದು ಹಿಂದಿನ ರಾತ್ರಿ ಮೊಬೈಲ್ ನೋಡುತ್ತಾ ನಿದ್ದೆಗೆಟ್ಟ ನಾನು.

ಪಾಸ್‌ನ ನೆತ್ತಿಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಕುದುರೆ, ಗದ್ದಲ, ಜನ ತುಳಿದು ಕೆಸರಾದ ಹಿಮ. ಮುಕ್ಕಾಲು ಗಂಟೆ ಸಾಕು. ವ್ಯಾಸರ ಹೆಸರಿನ ಬಿಯಾಸ್ ನದಿ ಹುಟ್ಟುವ ಜಾಗ ಇಲ್ಲೇ ಇದೆ.

ನನ್ನ ಲೆಕ್ಕದಲ್ಲಿ ಪ್ರವಾಸ ಶುರುವಾಗುವುದೇ ಇಲ್ಲಿಂದ ಆಚೆ. ನೆತ್ತಿ ದಾಟಿ ನಾಲ್ಕು ತಿರುವು ಇಳಿಯುವಷ್ಟರಲ್ಲಿ ಹಸಿರು ಹಿಂದುಳಿದಿತ್ತು. ಮುಂದೆಲ್ಲ ಬರಿ ಕಲ್ಲು, ಕಂದು ಬೆಟ್ಟ, ತುದಿಗಳಲ್ಲಿ ಹಿಮನದಿ, ಕೆಳಗೆ ದಾರದಂತೆ ಚಂದ್ರಾ ನದಿ. ಮುಂಗಾರು ಮೋಡಗಳನ್ನು ಈ ಬೆಟ್ಟಸಾಲು ಮನಾಲಿ ಇರುವ ಕುಲ್ಲು ಕಡೆಗೇ ತಡೆದುಬಿಡುವುದರಿಂದ ಲಾಹೌಲ್ ಮಳೆನೆರಳಿನ ನಾಡು. ಆಗುಂಬೆಯಿಂದ ಚಿತ್ರದುರ್ಗಕ್ಕೆ ಒಂದೇ ತಿರುವಿನಲ್ಲಿ ಬಂದಂತೆ. ಚಂದ್ರಾ ಮುಂದೆ ತಾಂಡಿಯಲ್ಲಿ ಭಾಗಾ ನದಿಯನ್ನು ಕೂಡಿಕೊಂಡು ಚಿನಾಬ್ ಆಗುತ್ತದೆ. ಬಿಯಾಸ್ ಸಟ್ಲೆಜ್ ಸೇರಿ, ಅದು ಪಾಕಿಸ್ತಾನದಲ್ಲಿ ಚಿನಾಬ್‌ಗೆ ಕೂಡುತ್ತದೆ. ಈ ಬೆಟ್ಟದ ಎರಡು ಮಗ್ಗುಲಿಗೆ ಬಿದ್ದ ಹನಿಗಳು ಮತ್ತೆ ಸಂಧಿಸಲು ಅಷ್ಟು ದೂರ ಹೋಗಬೇಕು ಎಂದೆ. ಅಮ್ಮ, "ನೀನೂ ನಿನ್ನ ತಮ್ಮನೂ ಇದ್ದ ಹಾಗೆ" ಎಂದರು. ಚಾಲಕನಿಗೆ ಕನ್ನಡ ಬಾರದಿದ್ದದ್ದು ಒಳ್ಳೆಯದಾಯಿತು.

ಗ್ರಾಮ್ಫೂನಲ್ಲಿ ಸ್ಪಿತಿಯ ರಸ್ತೆ ಬಲಕ್ಕೆ ಕವಲೊಡೆಯುತ್ತದೆ. ನೀವು ಎಡಕ್ಕೆ ಖೋಕ್ಸರ್ ಕಡೆ ಇಳಿಯಿರಿ. ಇಳಿಜಾರಿನಲ್ಲಿ ಕರಗಿದ ಹಿಮದ ನೀರು ರಸ್ತೆಯ ಮೇಲೆಯೇ ಹರಿಯುತ್ತಿತ್ತು. ಸ್ವಂತ ಕಾರು ಓಡಿಸುವವರು ಬ್ರೇಕನ್ನೇ ತುಳಿಯುತ್ತಾ ಹೋಗದೆ ಹತ್ತುವಾಗಿನ ಗೇರಿನಲ್ಲೇ ಇಳಿಸಿ. ಎದುರಿನಿಂದ ಹತ್ತಿ ಬರುವ ಗಾಡಿಗೆ ದಾರಿ ಬಿಡುವುದು ನಮ್ಮ ಘಾಟಿಗಳ ಪದ್ಧತಿಯೇ.

ಸುರಂಗದ ಬಾಯಿ ಕಂಡೊಡನೆ ಒಳಗೆ ನುಗ್ಗಬೇಡಿ. ಅದನ್ನು ದಾಟಿ ಸ್ವಲ್ಪ ಮುಂದೆ ಹೋದರೆ ಸಿಸ್ಸು ಇದೆ. ನದಿಯಾಚೆಯ ಗೋಡೆಯಂಥ ಬೆಟ್ಟದಿಂದ ಜಲಪಾತ ಧುಮುಕುತ್ತದೆ, ಈಚೆ ಊಟ ಸಿಗುತ್ತದೆ. ನೋಡಿ ಹಿಂದಿರುಗಿ. ಸುರಂಗದ ಉದ್ದ 9.02 ಕಿ.ಮೀ.; ಒಳಗೆ ನಿಲ್ಲಿಸುವಂತಿಲ್ಲ, ಓವರ್‌ಟೇಕ್ ಮಾಡುವಂತಿಲ್ಲ, ಉದ್ದಕ್ಕೂ ಕ್ಯಾಮೆರಾಗಳಿವೆ. ಬೆಳಿಗ್ಗೆಯೆಲ್ಲ ಹತ್ತಿ ಇಳಿದ ಬೆಟ್ಟದ ಹೊಟ್ಟೆಯೊಳಗೆ ಕಾಲು ಗಂಟೆಯೂ ಆಗದೆ ನುಸುಳಿ ಹೊರಬಂದಾಗ ಮತ್ತೆ ದೇವದಾರು, ಮತ್ತೆ ಹಸಿರು.

ನಾಲ್ಕು ಗಂಟೆಗೆ ಮನಾಲಿಯಲ್ಲಿದ್ದೆವು. ಆದರೆ ಆ ದಿನ ನಮ್ಮ ಅದೃಷ್ಟ ಚೆನ್ನಾಗಿತ್ತು, ಅದನ್ನೇ ನಂಬಿ ಅದೇ ರಾತ್ರಿಯ ದೆಹಲಿ ಬಸ್ಸಿಗೆ ಟಿಕೆಟ್ ಮಾಡಿಸಬೇಡಿ. ಹಾಗೆ ಮಾಡಿಸಿದ್ದ ಒಂದು ಕುಟುಂಬ ನಮಗೆ ಖೋಕ್ಸರ್‌ನಲ್ಲಿ ಸಿಕ್ಕಿತ್ತು. ಕಾರಿನ ಟೈರ್ ಪಂಕ್ಚರ್ ಆಗಿ, ಸ್ಟೆಪ್ನಿಯಲ್ಲೂ ಗಾಳಿ ಇಲ್ಲದೆ, ಯಜಮಾನರು ಚಂದ್ರಾ ನದಿಗೆ ಬೆನ್ನು ಹಾಕಿ ಕೈಗಡಿಯಾರವನ್ನೇ ನೋಡುತ್ತಾ ನಿಂತಿದ್ದರು.