ಅಳತೆ ಕೇಳಿದ ಮೇಷ್ಟ್ರು

ದಾವಣಗೆರೆ, 12 ಜುಲೈ 2025, ಶನಿವಾರ

ಜಗಳೂರು ಕಡೆಯ ನಾಟಕದ ಮೇಷ್ಟ್ರು ಇವತ್ತು ಬಂದಿದ್ದರು. ಅಡ್ವಾನ್ಸ್ ಕೊಡಲು ನಾನೇ ಕರೆಸಿದ್ದು. ಕವರ್ ಇನ್ನೂ ನನ್ನ ಬ್ಯಾಗಲ್ಲೇ ಇದೆ.

ಡಿಸೆಂಬರ್ ನಾಟಕೋತ್ಸವಕ್ಕೆ ಈ ಸಲ ಆಡಿದ ನಾಟಕ ಬೇಡ, ಮೂರು ದಿನಕ್ಕೆ ಮೂರೂ ಹೊಸವೇ ಇರಲಿ, ಅದೂ ದಾವಣಗೆರೆ, ದುರ್ಗದ ಕಡೆಯವರೇ ಬರೆಯಲಿ ಅಂತ ತಂಡದಲ್ಲಿ ಮಾತಾಗಿದೆ. ಎರಡು ಜಿಲ್ಲೆ ಅನ್ನೋದೆಲ್ಲ ಈಚಿನದು. 1997ರವರೆಗೆ ದಾವಣಗೆರೆ, ಹರಿಹರ, ಜಗಳೂರು ಎಲ್ಲ ಚಿತ್ರದುರ್ಗ ಜಿಲ್ಲೆಯಲ್ಲೇ ಇದ್ದವು. ಒಬ್ಬೊಬ್ಬರಿಗೆ ಇಷ್ಟು ಅಂತ ಗೌರವಧನ, ಅದರಲ್ಲಿ ಅರ್ಧ ಮುಂಗಡ. ಬರೆಯುವವರಿಗೆ ಮೊದಲೇ ದುಡ್ಡು ಕೊಡಬೇಕು ಅಂತ ಹಟ ಹಿಡಿದವಳು ನಾನು. ಹಾಲ್‌ಗೆ ಮುಂಗಡ ಕೊಡುತ್ತೇವೆ, ಲೈಟಿನವರಿಗೆ ಕೊಡುತ್ತೇವೆ, ಶಾಮಿಯಾನದವರಿಗೆ ಕೊಡುತ್ತೇವೆ. ಬರೆದವರಿಗೆ ಮಾತ್ರ ಕೊನೇ ದಿನ ಶಾಲು, ಹಾರ, ಹಣ್ಣಿನ ಬುಟ್ಟಿ. ಇದ್ಯಾವ ನ್ಯಾಯ?

ಸೇರಿದ್ದು ಚೌಕಿಪೇಟೆಯಲ್ಲಿ, ಖಜಾಂಚಿ ಅಣ್ಣನ ಬಟ್ಟೆ ಅಂಗಡಿಯಲ್ಲಿ. ಆಷಾಢ, ಗಿರಾಕಿ ಕಡಿಮೆ. ಮೇಷ್ಟ್ರಿಗೂ ಇದು ಬಿಡುವಿನ ಕಾಲ. ಜಾತ್ರೆಗಳು ಮುಗಿದಿವೆ. ಊರೂರಿಗೆ ಹೋಗಿ ನಾಟಕ ಕಲಿಸೋ ಕೆಲಸ ಇನ್ನು ಸುಗ್ಗಿ ಆದಮೇಲೇ. ಖಜಾಂಚಿ ಅಣ್ಣ ಮಂಡಕ್ಕಿ, ಮೆಣಸಿನಕಾಯಿ ತರಿಸಿದರು. ತರಿಸಿದ ಮೇಲೆ ಚೀಟಿಯಲ್ಲಿ ಬರೆದಿಟ್ಟುಕೊಂಡರು. ನಾನು ನೋಡಿದೆ.

ನಾನು ಹೇಳಬೇಕಾದ್ದನ್ನೆಲ್ಲ ಹೇಳಿದೆ. ಒಂದೂವರೆ ಗಂಟೆಯ ನಾಟಕ. ವಿಷಯ ನಿಮ್ಮದೇ, ಯಾರೂ ಕೈ ಹಾಕಲ್ಲ. ಗಣೇಶನ ಹಬ್ಬದ ಹೊತ್ತಿಗೆ ಮೊದಲ ಕರಡು ಕೊಟ್ಟರೆ ಸಾಕು. ಹಕ್ಕು ನಿಮ್ಮ ಹತ್ತಿರವೇ ಇರುತ್ತೆ.

ಮೇಷ್ಟ್ರು ಎಲ್ಲ ಕೇಳಿಸಿಕೊಂಡರು.

“ಪಾತ್ರ ಎಷ್ಟು?”

“ನಿಮ್ಮಿಷ್ಟ ಮೇಷ್ಟ್ರೇ. ಎಂಟರೊಳಗೆ ಇದ್ದರೆ ಒಳ್ಳೇದು.”

“ಯಾರ್‍ಯಾರು ಮಾಡ್ತಾರೆ?”

“ನಾಟಕ ಕೈಗೆ ಬಂದಮೇಲೆ ಆರಿಸ್ತೀವಿ.”

ಅವರು ಚಹಾದ ಲೋಟ ಕೆಳಗಿಟ್ಟರು. “ಅಲ್ರವ್ವಾ, ಮಂದಿ ನೋಡದೆ ನಾಟಕ ಬರೆಯಾದು ಹೆಂಗೆ? ಅಳತೆ ತಗಳ್ದೆ ಯಾರಾದ್ರೂ ಅಂಗಿ ಹೊಲೀತಾರಾ?”

ಖಜಾಂಚಿ ಅಣ್ಣನಿಗೆ ಇದು ಎಷ್ಟು ಹಿಡಿಸಿತು ಅಂದರೆ ಇನ್ನೊಂದು ಪ್ಲೇಟ್ ಮೆಣಸಿನಕಾಯಿ ತರಿಸಿದರು. ಅದನ್ನು ಚೀಟಿಯಲ್ಲಿ ಬರೆಯಲಿಲ್ಲ.

ಹಳ್ಳಿ ನಾಟಕ ಹೇಗೆ ಆಗುತ್ತೆ ಅಂತ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳಿಬಿಡುತ್ತೇನೆ. ಊರ ಹುಡುಗರು ಸೇರಿ ಜಾತ್ರೆಗೆ ನಾಟಕ ಆಡಬೇಕು ಅಂದುಕೊಳ್ಳುತ್ತಾರೆ. ಪಾತ್ರ ಮಾಡುವವರೇ ದುಡ್ಡು ಹಾಕುತ್ತಾರೆ. ಹೀರೋ ಪಾರ್ಟಿನವನು ಜಾಸ್ತಿ, ಪೊಲೀಸ್ ಪಾರ್ಟಿನವನು ಕಡಿಮೆ. ಆ ದುಡ್ಡಲ್ಲೇ ಸೀನ್ಸ್ ಬಾಡಿಗೆ, ಮೈಕು, ತಬಲಾ, ಕ್ಯಾಶಿಯೋ, ಮೇಷ್ಟ್ರ ಸಂಬಳ. ಹೆಣ್ಣು ಪಾತ್ರಕ್ಕೆ ದಾವಣಗೆರೆಯಿಂದಲೋ ದುರ್ಗದಿಂದಲೋ ಕಲಾವಿದೆಯರನ್ನು ಬುಕ್ ಮಾಡುತ್ತಾರೆ. ಅವರು ಎಷ್ಟೋ ಸಲ ನಾಟಕದ ದಿನವೇ ಬಂದು, ಪುಸ್ತಕ ಒಂದು ಸಲ ತಿರುವಿ, ರಾತ್ರಿಯಿಡೀ ಆಡಿ, ಬೆಳಗಿನ ಬಸ್ಸಿಗೆ ಹೋಗುತ್ತಾರೆ. ಅಂಥವರ ಬಗ್ಗೆ ಪ್ರತ್ಯೇಕ ಬರೆಯಬೇಕು. ಇವತ್ತಲ್ಲ.

ಹೆಚ್ಚಿನ ಊರವರು ಅಂಗಡಿಯಿಂದ ನಾಟಕದ ಪುಸ್ತಕ ಕೊಂಡು ಆಡುತ್ತಾರೆ. ನಮ್ಮ ಮೇಷ್ಟ್ರು ಕೊಂಡ ಪುಸ್ತಕ ಕಲಿಸಲ್ಲ. ತಾವೇ ಬರೆಯುತ್ತಾರೆ, ಒಂದೊಂದು ಊರಿಗೆ ಒಂದೊಂದು. ಎಂಟು ಜನ ದುಡ್ಡು ಹಾಕಿದ್ದರೆ ಎಂಟು ಪಾತ್ರ. ನಡುವೆ ಒಬ್ಬ ಬಿಟ್ಟುಹೋದರೆ ಅವನನ್ನು ಎರಡನೇ ಸೀನಲ್ಲಿ ದುಬೈಗೆ ಕಳಿಸುತ್ತಾರೆ. ಹೊಸದಾಗಿ ಒಬ್ಬ ಸೇರಿಕೊಂಡರೆ ಹೀರೋಯಿನ್‌ಗೆ ಕಳೆದುಹೋಗಿದ್ದ ಅಣ್ಣ ಸಿಗುತ್ತಾನೆ.

ಹೀರೋ ಮೊದಲ ಸಲ ಸ್ಟೇಜಿಗೆ ಬಂದ ತಕ್ಷಣ ಒಂದು ಹಾಡು ಇಡುತ್ತಾರಂತೆ. ಹಾಡು ಮುಗಿದ ಮೇಲೆ ಆ ಜಾಗದಲ್ಲಿ ಮುಖ್ಯವಾದ ಮಾತು ಯಾವುದೂ ಬರೆಯಲ್ಲ. ಯಾಕೆ ಅಂತ ಕೇಳಿದೆ. “ಆವಾಗ ಅವರ ಅತ್ತೆ ಮಾವ, ಭಾವ, ಗೆಳೆಯರು ಎಲ್ಲಾ ಹಾರ ಹಾಕಾಕೆ ಸ್ಟೇಜ್ ಹತ್ತುತಾರಲ್ರಿ. ಮೈಕಲ್ಲಿ ಹೆಸರು ಕೂಗಬೇಕು, ಬಟ್ಟೆ ಕೊಡಬೇಕು, ಫೋಟೋ ಆಗಬೇಕು. ಅಲ್ಲಿ ಕಥೆ ಇಟ್ರೆ ಕಥೆ ಸತ್ತೋಗ್ತದೆ.” ಹಿಂದೆ ಮನೆ ಸೀನ್ ಕಟ್ಟುವಾಗ ಮುಂದೆ ರೋಡ್ ಪರದೆ ಬಿಟ್ಟು ಹಾಸ್ಯ. ಆ ಹಾಸ್ಯ ಎಷ್ಟು ಉದ್ದ ಇರಬೇಕು ಅನ್ನೋದು ಆ ಊರಲ್ಲಿ ಸೀನ್ ಎಳೆಯೋ ಹುಡುಗರು ಎಷ್ಟು ಚುರುಕು ಅನ್ನೋದರ ಮೇಲೆ.

ಒಂದು ಊರಿನ ಕಥೆ ಹೇಳಿದರು. ಹೀರೋ ಪಾರ್ಟಿಗೆ ಎಲ್ಲರಿಗಿಂತ ಜಾಸ್ತಿ ದುಡ್ಡು ಹಾಕಿದ ಹುಡುಗನಿಗೆ ತೊದಲು. ಮಾತಾಡಿದರೆ ‘ಪ’ದಲ್ಲಿ ಸಿಕ್ಕಿಕೊಂಡರೆ ಮುಂದೆ ಹೋಗೋದೇ ಇಲ್ಲ. ಬೇಡ ಅನ್ನೋ ಹಾಗಿಲ್ಲ, ದುಡ್ಡು ಬಂದಿದೆ. ಉಳಿದವರು ಮೇಷ್ಟ್ರನ್ನು ಮೂಲೆಗೆ ಕರೆದು ಏನಾದರೂ ಮಾಡಿ ಅಂದರು. ಮೇಷ್ಟ್ರು ಒಂದು ಸಂಜೆ ಅವನನ್ನು ಕೂರಿಸಿಕೊಂಡು ಭಜನೆ ಹಾಡಿಸಿದರು. ಹಾಡುವಾಗ ತೊದಲೇ ಇಲ್ಲ! ಸರಿ, ಹೀರೋನ ಮಾತೆಲ್ಲ ಹಾಡಾಯಿತು. ಅಪ್ಪನ ಹತ್ತಿರ ಜಗಳವೂ ಹಾಡು, ಹುಡುಗಿಗೆ ಹೇಳೋದೂ ಹಾಡು, ಗೌಡನಿಗೆ ಸವಾಲು ಹಾಕೋದೂ ಹಾಡು. ಹಾಡಿಲ್ಲದ ಕಡೆ ಅವನು ಸುಮ್ನೆ ನಿಂತು ನೋಡಬೇಕು. ಅವನು ನೋಡೋದಕ್ಕೇ ಗೌಡ ಹೆದರಬೇಕು. ಹಾಗೆ ಗೌಡನ ಮಾತು ಬರೆದರು.

“ಭಾರಿ ನಡೀತ್ರವ್ವಾ ಆ ನಾಟಕ. ಪಕ್ಕದ ಊರವ್ರೂ ಅದೇ ಬೇಕು ಅಂತ ಬಂದ್ರು. ಅಲ್ಲಿ ಹೀರೋ ಮಾಡಿದವ್ನು ಪಟಪಟ ಮಾತಾಡಾನು. ಆಡಿದ. ಏನೂ ಆಗ್ಲಿಲ್ಲ. ಮಂದಿ ಎದ್ದು ಹೋದ್ರು.”

ಹೇಳಿ ಮೇಷ್ಟ್ರು ಮಂಡಕ್ಕಿಗೆ ಕೈ ಹಾಕಿದರು. ನಾನು ಏನು ಹೇಳಲಿ?

ಆಮೇಲೆ ಚೀಲದಿಂದ ಲಾಂಗ್ ನೋಟ್‌ಬುಕ್ ತೆಗೆದು ತೋರಿಸಿದರು. ನೀಲಿ ಇಂಕಲ್ಲಿ ಮಾತು, ಕೆಂಪು ಇಂಕಲ್ಲಿ ಎದುರಿನವರ ಮಾತಿನ ಕೊನೇ ಎರಡು ಪದ. ಪಾರ್ಟ್ ಬರೆದುಕೊಡುವಾಗ ಅಷ್ಟೇ ಕೊಡೋದು. ಪೂರ್ತಿ ನಾಟಕ ಒಬ್ಬರಿಗೂ ಕೊಡಲ್ಲ. ಅಂಚಿನಲ್ಲಿ ಪೆನ್ಸಿಲಲ್ಲಿ ಪಾತ್ರದ ಹೆಸರು ಇಲ್ಲ, ಮಾಡುವವನ ಹೆಸರು. ಕೆಲವು ಕಡೆ ‘ಎತ್ತರ’, ‘ಸಿಟ್ಟು ಬರಲ್ಲ’, ‘ಕುಡಿದು ಬರಬಹುದು’ ಅಂತೆಲ್ಲ ಗುರುತು.

“ನೀವು ಹೇಳಿ ಬರೆಸ್ತೀವಿ ಅಂತೀರಿ. ನನ್ನ ಹತ್ರ ಹೇಳದೆ ಬರೆಸಿದವರು ಇವತ್ತಿನವರೆಗೂ ಯಾರೂ ಇಲ್ಲ,” ಅಂದರು. ಬೇಜಾರಿಂದ ಅಲ್ಲ, ಲೆಕ್ಕ ಒಪ್ಪಿಸುವ ಹಾಗೆ.

ಕವರ್ ಕೊಡಲು ಹೋದರೆ ತೆಗೆದುಕೊಳ್ಳಲಿಲ್ಲ. ಮಂದಿ ತೋರಿಸಿ, ಆಮೇಲೆ ಕೊಡಿ ಅಂದರು. ಖಜಾಂಚಿ ಅಣ್ಣನ ಮುಖ ನೋಡಬೇಕಿತ್ತು. ಇವರ ಪ್ರಶ್ನೆ ಮೊದಲಿಂದ ಒಂದೇ: “ಏನವ್ವ ತಂಗಿ, ನಾಟಕ ಚೆನ್ನಾಗಿ ಬರ್ಲಿಲ್ಲ ಅಂದ್ರೆ ಅಡ್ವಾನ್ಸ್ ವಾಪಸ್ ಬರುತ್ತಾ?” ಬರಲ್ಲ, ಬರಬಾರದು ಅನ್ನೋದು ನನ್ನ ವಾದ. ಮೂರರಲ್ಲಿ ಒಂದು ಕೆಡುತ್ತೆ ಅಂತ ಇಟ್ಟುಕೊಂಡೇ ಕೊಡಬೇಕು. ವಾಪಸ್ ಕೇಳ್ತೀವಿ ಅಂದರೆ ಅವರು ಕೆಡದ ಹಾಗೆ ಬರೆಯುತ್ತಾರೆ. ಕೆಡದ ಹಾಗೆ ಬರೆದದ್ದನ್ನು ಯಾರು ನೋಡ್ತಾರೆ?

ಕಾಲೇಜಿನ ಕನ್ನಡ ಮೇಡಂ ಒಬ್ಬರು ಮೊನ್ನೆ ಹೇಳಿದ್ದು ಬೇರೆ ಕೊರೆಯುತ್ತಿದೆ. ಹೇಳಿ ಬರೆಸಿದ್ದು ಸಾಹಿತ್ಯ ಆಗಲ್ವಂತೆ, ಒಳಗಿಂದ ಬರಬೇಕಂತೆ. ಕಾರ್ನಾಡರ ‘ಅಗ್ನಿ ಮತ್ತು ಮಳೆ’ ಅಮೆರಿಕದ ಮಿನಿಯಾಪೊಲಿಸ್‌ನ ಗತ್ರಿ ಥಿಯೇಟರಿನವರು ಕೇಳಿ ಬರೆಸಿದ್ದು. ಟಿಪ್ಪುವಿನ ಮೇಲಿನ ನಾಟಕ ಬಿಬಿಸಿ ರೇಡಿಯೋದವರು ಕೇಳಿದ್ದಕ್ಕೆ ಬರೆದದ್ದು. ಗುಬ್ಬಿ ಕಂಪನಿಗೆ ಬೆಳ್ಳಾವೆ ನರಹರಿಶಾಸ್ತ್ರಿಗಳು, ಬಿ. ಪುಟ್ಟಸ್ವಾಮಯ್ಯನವರು ಬರೆದುಕೊಟ್ಟದ್ದು ಕಂಪನಿಗೆ ಬೇಕಿತ್ತು ಅಂತಲೇ. ಇದನ್ನೆಲ್ಲ ಅವರ ಮುಂದೆ ಹೇಳೋಕೆ ಆಗಲಿಲ್ಲ. ಮನೆಗೆ ಬಂದು ಪಾತ್ರೆ ತೊಳೆಯುವಾಗ ನೆನಪಾಯಿತು. ನನಗೆ ಉತ್ತರ ಹೊಳೆಯೋದು ಯಾವಾಗಲೂ ಸಿಂಕ್ ಮುಂದೆ.

ಬರೆಯುವ ಮೂವರಲ್ಲಿ ದುರ್ಗದವರ ವಿಷಯ ಸರಿಹೋಗಿದೆ. ಮೊದಲು ಮದಕರಿ ನಾಯಕ ಅಂದರು. ಆಮೇಲೆ ಓಬವ್ವ ಅಂದರು. ಕೋಟೆಯಿಂದ ಕೆಳಗಿಳಿದು ಏನಾದ್ರೂ ಬರೀರಿ ಸಾರ್ ಅಂದದ್ದಕ್ಕೆ ಒಂದು ವಾರ ಫೋನ್ ಎತ್ತಲಿಲ್ಲ. ಈಗ ಅವರೇ ಮಾಡಿ, ಮಾರಿಕಣಿವೆ ಇಟ್ಟುಕೊಂಡು ಬರೀತೀನಿ ಅಂದಿದ್ದಾರೆ. ಮಾರಿಕಣಿವೆ ಅಂದರೆ ವಾಣಿವಿಲಾಸ ಸಾಗರ ಅಣೆಕಟ್ಟು. ಅದು ಕೋಡಿ ಬಿದ್ದಿದ್ದು 1933ರಲ್ಲಿ. ಆಮೇಲೆ ಬಿದ್ದಿದ್ದು 2022ರ ಸೆಪ್ಟೆಂಬರಲ್ಲಿ, 89 ವರ್ಷಕ್ಕೆ. ಇವರ ಕಥೆಯಲ್ಲಿ ಹಿರಿಯೂರು ಕಡೆಯ ಒಬ್ಬ ಅಜ್ಜ ಸಾಲ ತಗೊಂಡು, ಮಾರಿಕಣಿವೆ ಮತ್ತೆ ಕೋಡಿ ಬಿದ್ದ ದಿನ ಬಡ್ಡಿ ಸಮೇತ ಕೊಡ್ತೀನಿ ಅಂತ ಪತ್ರ ಬರೆದುಕೊಟ್ಟಿರುತ್ತಾನೆ. ಬೀಳೋದೇ ಇಲ್ಲ ಅಂತ ಇಬ್ಬರಿಗೂ ಧೈರ್ಯ. 2022ರಲ್ಲಿ ಊರೆಲ್ಲ ಗಾಡಿ ಕಟ್ಟಿಕೊಂಡು ನೀರು ನೋಡೋಕೆ ಹೋಗಿರುವಾಗ ಸಾಲ ಕೊಟ್ಟವನ ಮೊಮ್ಮಗ ಪತ್ರ ಹಿಡಿದು ಬಾಗಿಲಿಗೆ ಬರುತ್ತಾನೆ. ಫೋನಲ್ಲಿ ಕೇಳಿಯೇ ನಾನು ನಕ್ಕುಬಿಟ್ಟೆ. ಈ ವರ್ಷ ಜನವರಿಯಲ್ಲಿ ಮತ್ತೆ ಕೋಡಿ ಬಿತ್ತಲ್ಲ, ಎರಡನೇ ಅಂಕ ಅದಕ್ಕೇ ಇಟ್ಟಿದ್ದಾರಂತೆ.

ಮೂರನೆಯವಳು ಹರಿಹರದ ಹುಡುಗಿ. ಮೇಷ್ಟ್ರಿಗೆ ಪೂರ್ತಿ ತಿರುಗಾ. ಬರೆದು ಮುಗಿಯೋವರೆಗೆ ಯಾರೂ ಒಂದು ಸಾಲೂ ಕೇಳಬಾರದು. ಯಾರು ಮಾಡ್ತಾರೆ ಅಂತ ಅವಳಿಗೆ ಹೇಳಲೂಬಾರದು. ಗೊತ್ತಾದರೆ ಅವರ ಮುಖವೇ ಎದುರಿಗೆ ಬರುತ್ತಂತೆ. ವಿಷಯ ದಾವಣಗೆರೆಯ ಮಿಲ್ಲುಗಳದು ಅಂತ ಮಾತ್ರ ಗೊತ್ತು. 1936ರಲ್ಲಿ ಮೊದಲ ಕಾಟನ್ ಮಿಲ್ ಬಂತು, ಮ್ಯಾಂಚೆಸ್ಟರ್ ಅಂತ ಹೆಸರಾಯಿತು, ಕಾರ್ಮಿಕರ ಊರಾಯಿತು, ಕಾಮ್ರೇಡ್ ಪಂಪಾಪತಿ ಇಲ್ಲಿಂದಲೇ ಶಾಸಕರಾದರು. ಆಮೇಲೆ ಒಂದೊಂದೇ ಬಾಗಿಲು ಹಾಕಿದವು. ಇದನ್ನು ನೋಡಿ ಬೆಳೆದವಳಲ್ಲ ಅವಳು. ಅದಕ್ಕೇ ನನಗೆ ಆಸೆ ಜಾಸ್ತಿ. ನೋಡಿದ ನಾವು ಬರೆದರೆ ಬರೀ ಗೋಳಾಗುತ್ತೆ.

ಈಗ ಸಮಸ್ಯೆ ನೋಡಿ. ಒಬ್ಬರಿಗೆ ನಟರನ್ನು ತೋರಿಸಬೇಕು, ಒಬ್ಬಳಿಗೆ ತೋರಿಸಬಾರದು. ಒಪ್ಪಂದದ ಕಾಗದ ಮಾತ್ರ ಮೂವರಿಗೂ ಒಂದೇ ಟೈಪ್ ಮಾಡಿಸಿಟ್ಟಿದ್ದೇನೆ.

ಇದೆಲ್ಲ ಆದಮೇಲೂ ಜನ ಬರ್ತಾರಾ? ರಾತ್ರಿ ನಿದ್ದೆ ಕೆಡಿಸೋದು ಇದೇ. ಇದು ನಾಟಕ ಗೊತ್ತಿಲ್ಲದ ಊರಲ್ಲ. ಚಿಂದೋಡಿ ಲೀಲಾ ಅವರ ಕೆ.ಬಿ.ಆರ್. ನಾಟಕ ಕಂಪನಿಯ ಊರು. ವೃತ್ತಿ ರಂಗಭೂಮಿ ರಂಗಾಯಣ ಇಲ್ಲಿಗೆ ಬಂದದ್ದೂ ಸುಮ್ನೆ ಅಲ್ಲ. ಅತ್ತ ಸಾಣೇಹಳ್ಳಿ ನಾಟಕೋತ್ಸವದಲ್ಲಿ ನವೆಂಬರ್ ಚಳಿಗೆ ಶಾಲು ಹೊದ್ದು ಬಯಲಲ್ಲಿ ಕೂತು ನಾಟಕ ನೋಡುವ ಹಳ್ಳಿ ಜನರನ್ನು ನಾನೇ ನೋಡಿದ್ದೇನೆ. ಅವರಿಗೆ ನಾಟಕಕಾರನ ಹೆಸರು ಬೇಕಿಲ್ಲ, ನಾಟಕ ಬೇಕು. ಆದರೆ ಇಲ್ಲಿನ ವಿದ್ಯಾನಗರ ಬಡಾವಣೆಯವರು? ಕುರ್ಚಿ ಬಿಟ್ಟಿ, ಪಾರ್ಕಿಂಗ್ ಇದೆ, ಆದರೂ “ಯಾರ ನಾಟಕ ಮೇಡಂ?” ಅಂತಲೇ ಕೇಳೋದು. ಯಾರದು ಅಂತ ಹೇಳಲಿ? ಜಗಳೂರು ತಾಲ್ಲೂಕಿನ ಹಳ್ಳಿಯ ಹಾರ್ಮೋನಿಯಂ ಮೇಷ್ಟ್ರದು ಅಂದರೆ ಬರ್ತಾರಾ?

ಇರಲಿ. ಅಮ್ಮನ ಮೊಣಕಾಲು ಮತ್ತೆ ಊದಿದೆ. ನಾಳೆ ಭಾನುವಾರ, ಡಾಕ್ಟರ್ ಸಿಗಲ್ಲ.

ಒಂಬತ್ತೂವರೆಗೆ ಮೇಷ್ಟ್ರ ಫೋನ್. ಊರು ಮುಟ್ಟಿದೆ ಅಂತ ಹೇಳೋಕೆ ಅಂದುಕೊಂಡೆ. “ಅವ್ವಾ, ಒಂದು ಮಾತು. ನಿಮ್ಮ ಖಜಾಂಚಿ ಅದಾರಲ್ಲ, ಅವರು ಪಾರ್ಟ್ ಮಾಡ್ತಾರೇನು?”

“ಯಾಕೆ ಮೇಷ್ಟ್ರೇ?”

“ದುಡ್ಡು ಎಣಿಸಾಗ ಅವರ ತುಟಿ ಅಳ್ಳಾಡ್ತಿತ್ತು ನೋಡ್ರಿ. ನನಗೆ ಬಸ್ಸಲ್ಲಿ ಮೊದಲ ಸೀನ್ ಬಂದುಬಿಟ್ಟೈತೆ. ಅವರು ಒಪ್ಪಿದ್ರೆ ಬರೀತೀನಿ, ಒಪ್ಪದಿದ್ರೆ ಬೇರೆ ಯೋಚನೆ ಮಾಡ್ತೀನಿ.”

ಖಜಾಂಚಿ ಅಣ್ಣ ಇಪ್ಪತ್ತು ವರ್ಷದಿಂದ ತಂಡದಲ್ಲಿದ್ದಾರೆ. ಸ್ಟೇಜ್ ಮೇಲೆ ಹತ್ತಿದ್ದು ವಂದನಾರ್ಪಣೆಗೆ ಮಾತ್ರ. ಅದರಲ್ಲೂ ಮೈಕಿನವರ ಹೆಸರು ಮರೆಯುತ್ತಾರೆ. ಆದರೆ ಹಳ್ಳಿ ಪದ್ಧತಿ ಪ್ರಕಾರ ಪಾತ್ರ ಸಿಕ್ಕವರು ದುಡ್ಡು ಹಾಕಬೇಕು ಅಂತ ಸುಮ್ನೆ ತಮಾಷೆಗೆ ಅವರ ಕಿವಿಗೆ ಹಾಕಿದರೆ ಏನಾಗಬಹುದು? ಇಲ್ಲ, ಅದನ್ನು ಹೇಳೋದು ಬೇಡ, ಓಡಿಹೋಗ್ತಾರೆ. ಮೊದಲು ಅತ್ತಿಗೆ ಹತ್ತಿರ ಮಾತಾಡಬೇಕು. ಅತ್ತಿಗೆ ಹೂಂ ಅಂದರೆ ಅರ್ಧ ಕೆಲಸ ಆದ ಹಾಗೆ. ನಗದೆ ಕೇಳಿಸಿಕೊಂಡರೆ ಸಾಕು.