ಅಷ್ಟು ಸಣ್ಣ ಟ್ಯಾಂಕಿನ ನೀರು ಹೇಗೆ ಸಾಲುತ್ತದೆ?

ನಾನು ಸಣ್ಣ ಟ್ರೇಲರಿನಲ್ಲಿ ಕ್ಯಾಂಪಿಂಗ್ ಹೋಗುತ್ತೇನೆಂದು ಗೊತ್ತಾದವರೆಲ್ಲರೂ ಕೇಳುವ ಪ್ರಶ್ನೆಯೊಂದಿದೆ: ನೀರಿನ ಸಂಪರ್ಕವೇ ಇಲ್ಲದ ಜಾಗದಲ್ಲಿ ಅಷ್ಟು ಚಿಕ್ಕ ಟ್ಯಾಂಕಿನ ನೀರು ಇಬ್ಬರಿಗೆ ಮೂರು ದಿನ ಹೇಗೆ ಸಾಲುತ್ತದೆ? ಸ್ನಾನ ಬಿಡುತ್ತೀರಾ, ಪಾತ್ರೆಗಳನ್ನು ತೊಳೆಯದೆ ಇಡುತ್ತೀರಾ ಎಂದೂ ಸೇರಿಸುತ್ತಾರೆ. ಎರಡನ್ನೂ ಮಾಡುವುದಿಲ್ಲ. ಪ್ರತಿಯೊಂದು ಕೆಲಸಕ್ಕೂ ಬೇಕಾದ ನೀರನ್ನು ಮೊದಲೇ ಒಂದು ಪಾತ್ರೆಗೆ ಅಳೆದು ಹಾಕಿಕೊಂಡು, ನಲ್ಲಿಯನ್ನು ಮುಚ್ಚಿ, ಅಷ್ಟರಲ್ಲೇ ಆ ಕೆಲಸವನ್ನು ಮುಗಿಸುತ್ತೇನೆ ಎಂಬುದೇ ನನ್ನ ಉತ್ತರ. ಕೇಳಿದವರಿಗೆ ಇದು ತೀರ ಸರಳವೆನ್ನಿಸಿ ನಂಬಿಕೆ ಬರುವುದಿಲ್ಲವಾದ್ದರಿಂದ ಸ್ವಲ್ಪ ವಿವರವಾಗಿಯೇ ಬರೆಯುತ್ತಿದ್ದೇನೆ.

ಸಣ್ಣ ಟ್ರೇಲರುಗಳಲ್ಲಿ ಶುದ್ಧ ನೀರಿನ ಟ್ಯಾಂಕು ಸಾಮಾನ್ಯವಾಗಿ 40ರಿಂದ 100 ಲೀಟರಿನಷ್ಟಿರುತ್ತದೆ. ಅದರಿಂದ ನೀರನ್ನು ನಲ್ಲಿಗೆ ತಳ್ಳುವ 12 ವೋಲ್ಟಿನ ಪಂಪು ನಿಮಿಷಕ್ಕೆ ಸುಮಾರು 10 ಲೀಟರ್ ಕೊಡಬಲ್ಲದು. ಅಂದರೆ ಪೂರ್ತಿ ತಿರುಗಿಸಿದ ನಲ್ಲಿಯೊಂದು 60 ಲೀಟರಿನ ಟ್ಯಾಂಕನ್ನು ಆರೇಳು ನಿಮಿಷಗಳಲ್ಲೇ ಬರಿದುಮಾಡಬಹುದು. ದೊಡ್ಡ ಟ್ಯಾಂಕು ಕೂರಿಸಿದರಾಯಿತಲ್ಲ ಎನ್ನುವವರು ತೂಕವನ್ನು ಮರೆಯುತ್ತಾರೆ. ಒಂದು ಲೀಟರ್ ನೀರೆಂದರೆ ಒಂದು ಕಿಲೋ. 100 ಲೀಟರ್ ಹೆಚ್ಚಿಗೆ ತುಂಬಿಕೊಂಡರೆ ಹಗುರವಾದ ಟ್ರೇಲರಿಗೆ ನೂರು ಕಿಲೋ ಭಾರ ಸೇರಿ, ಎಳೆಯುವ ವಾಹನದ ಮಿತಿಯನ್ನೂ ಕೊಕ್ಕೆಯ ಮೇಲೆ ಬೀಳುವ ಭಾರವನ್ನೂ ಮತ್ತೆ ಲೆಕ್ಕ ಹಾಕಬೇಕಾಗುತ್ತದೆ.

ಇನ್ನೊಂದು ಸಂಗತಿಯನ್ನು ಹೊಸಬರು ಗಮನಿಸುವುದೇ ಇಲ್ಲ. ಎಷ್ಟೋ ಸಲ ಮೊದಲು ಮುಗಿಯುವುದು ಶುದ್ಧ ನೀರಲ್ಲ, ಬಳಸಿದ ನೀರನ್ನು ತುಂಬಿಕೊಳ್ಳುವ ಟ್ಯಾಂಕಿನಲ್ಲಿರುವ ಜಾಗ. ಶುದ್ಧ ನೀರು ತೀರಿದರೆ ಕ್ಯಾನು ಹಿಡಿದು ಹೋಗಿ ತರಬಹುದು. ಬಳಸಿದ ನೀರಿನ ಟ್ಯಾಂಕು ತುಂಬಿದರೆ ಅದನ್ನು ಖಾಲಿ ಮಾಡಲು ಗೊತ್ತುಪಡಿಸಿದ ಜಾಗಕ್ಕೆ ಒಯ್ಯದೆ ಬೇರೆ ದಾರಿಯಿಲ್ಲ. ಅನೇಕ ಕ್ಯಾಂಪ್ ಜಾಗಗಳಲ್ಲಿ ಅದನ್ನು ನೆಲಕ್ಕೆ ಚೆಲ್ಲುವಂತಿಲ್ಲ. ಚೆಲ್ಲಲು ಅನುಮತಿ ಇರುವಲ್ಲಿಯೂ ಹೊಳೆ, ಕೆರೆಗಳಿಂದ ಕನಿಷ್ಠ 60 ಮೀಟರ್ ದೂರವಿರಬೇಕೆಂಬುದು ಸಾಮಾನ್ಯವಾಗಿ ಹೇಳುವ ನಿಯಮ. ಪ್ರಕೃತಿಗೆ ಹಾನಿಯಿಲ್ಲ ಎಂದು ಬರೆದ ಸೋಪು ಕೂಡ ಮಣ್ಣಿನೊಳಗೆ ಕರಗಿ ಹೋಗಬೇಕಾದ ವಸ್ತುವೇ ಹೊರತು ಹರಿಯುವ ನೀರಿಗೆ ಬಿಡಬಹುದಾದದ್ದಲ್ಲ. ಆದ್ದರಿಂದ ನಲ್ಲಿಯಲ್ಲಿ ಉಳಿಸಿದ ಪ್ರತಿ ಲೀಟರೂ ಎರಡು ಕಡೆ ಉಳಿತಾಯವಾಗುತ್ತದೆ.

ಅತಿ ಹೆಚ್ಚು ನೀರು ಸೋರಿಹೋಗುವುದು ಪಾತ್ರೆ ತೊಳೆಯುವಾಗ. ಊಟ ಮುಗಿದ ಕೂಡಲೇ, ತಟ್ಟೆಯಲ್ಲಿ ಉಳಿದದ್ದು ಒಣಗುವ ಮೊದಲೇ, ರಬ್ಬರಿನ ಚಪ್ಪಟೆ ಸೌಟಿನಿಂದ ಎಲ್ಲವನ್ನೂ ಕೆರೆದು ಕಸದ ಚೀಲಕ್ಕೆ ಹಾಕಿ, ಕೈ ಒರೆಸಿದ ಕಾಗದದಿಂದಲೇ ಜಿಡ್ಡನ್ನೂ ಒರೆಸಿಬಿಟ್ಟರೆ ಅರ್ಧ ಕೆಲಸ ನೀರಿಲ್ಲದೆ ಮುಗಿದಂತೆ. ಆಮೇಲೆ ಬಿಸಿನೀರಿಗೆ ನಾಲ್ಕು ಹನಿ ಸೋಪು ಬೆರೆಸಿದ ಸ್ಪ್ರೇ ಬಾಟಲಿಯಿಂದ ತಟ್ಟೆಗಳ ಮೇಲೆ ಸಿಂಪಡಿಸಿ ಒಂದೆರಡು ನಿಮಿಷ ಬಿಡಬೇಕು; ಜಿಡ್ಡು ಬಿಡುವುದಕ್ಕೆ ಸಮಯ ಕೊಟ್ಟಷ್ಟೂ ನೀರು ಕಡಿಮೆ ಸಾಕು. ಉಜ್ಜುವಾಗ ಲೋಟಗಳು ಮೊದಲು, ತಟ್ಟೆಗಳು ನಂತರ, ಎಣ್ಣೆಯ ಬಾಣಲೆ ಎಲ್ಲಕ್ಕಿಂತ ಕೊನೆಗೆ. ಜಾಲಿಸಲು ಒಂದು ಬೋಗುಣಿಯಲ್ಲಿ ಒಂದೂವರೆ ಲೀಟರ್ ಶುದ್ಧ ನೀರಿದ್ದರೆ ಇಬ್ಬರ ಪಾತ್ರೆಗಳಿಗೆ ಧಾರಾಳವಾಯಿತು, ಮತ್ತು ಆ ನೀರನ್ನು ಕೂಡಲೇ ಚೆಲ್ಲದೆ ಬಾಣಲೆ ನೆನೆಸಲು ಉಪಯೋಗಿಸಬಹುದು. ಜಿಡ್ಡು ಟ್ಯಾಂಕಿಗೆ ಇಳಿಯದಿರುವುದರಿಂದ ಇನ್ನೊಂದು ಲಾಭವೂ ಇದೆ: ಟ್ಯಾಂಕಿನ ಒಳಗೋಡೆಗೆ ಅಂಟಿಕೊಳ್ಳುವ ಜಿಡ್ಡೇ ವಾಸನೆಗೆ ಕಾರಣ, ಒಳಗಿನ ಸೆನ್ಸರುಗಳು ಖಾಲಿ ಟ್ಯಾಂಕನ್ನೂ ತುಂಬಿದೆ ಎಂದು ತೋರಿಸುವುದಕ್ಕೂ ಕಾರಣ.

ಸ್ನಾನದ ವಿಷಯದಲ್ಲಿ ನನ್ನ ಅಭಿಪ್ರಾಯ ಸ್ವಲ್ಪ ಕಟ್ಟುನಿಟ್ಟಿನದು. ಸಾಧಾರಣ ಶವರು ನಿಮಿಷಕ್ಕೆ ಎಂಟೊಂಬತ್ತು ಲೀಟರ್ ಸುರಿಸುತ್ತದೆ. ಐದು ನಿಮಿಷ ಅದರ ಕೆಳಗೆ ನಿಂತರೆ 40 ಲೀಟರ್ ಹೋಯಿತು. ಕಡಿಮೆ ನೀರು ಬಿಡುವ ಶವರಿಗೆ ಬದಲಾಯಿಸಿ, ಮೈ ಒದ್ದೆ ಮಾಡಿಕೊಂಡು, ನಿಲ್ಲಿಸಿ, ಸೋಪು ಹಚ್ಚಿ, ಮತ್ತೆ ತಿರುಗಿಸಿ ತೊಳೆದುಕೊಳ್ಳುವ ಕ್ರಮ ಒಳ್ಳೆಯದೇ. ಆದರೆ ಪ್ರತಿ ಸಲ ನಿಲ್ಲಿಸಿ ತಿರುಗಿಸುವಾಗ ಬಿಸಿ ತಣ್ಣನೆಯ ಹದ ತಪ್ಪುತ್ತದೆ, ಹದ ಮಾಡಿಕೊಳ್ಳುವಷ್ಟರಲ್ಲಿ ನೀರು ಹರಿದುಹೋಗುತ್ತದೆ. ಅದಕ್ಕಾಗಿ ನಾನು ಕೈಯಿಂದ ಗಾಳಿ ತುಂಬುವ ಐದು ಲೀಟರಿನ ಸ್ಪ್ರೇಯರನ್ನು ಆರಿಸಿಕೊಂಡಿದ್ದೇನೆ. ಗಿಡಗಳಿಗೆ ಔಷಧಿ ಸಿಂಪಡಿಸುವ ಮಾದರಿಯದೇ, ಆದರೆ ಯಾವ ಔಷಧಿಯನ್ನೂ ಎಂದೂ ಹಾಕದ ಹೊಸದಾಗಿರಲೇಬೇಕು. ಒಲೆಯ ಮೇಲೆ ಕಾಯಿಸಿದ ನೀರಿಗೆ ತಣ್ಣೀರು ಬೆರೆಸಿ ಮೊದಲೇ ಹದ ಮಾಡಿ ತುಂಬಿಕೊಂಡರೆ, ಗುಂಡಿ ಒತ್ತಿದಾಗ ಬರುವುದು ಹದವಾದ ನೀರೇ, ಬಿಟ್ಟಾಗ ಒಂದು ಹನಿಯೂ ಬೀಳುವುದಿಲ್ಲ. ನಾಲ್ಕೈದು ಲೀಟರಿನಲ್ಲಿ ಮೈ ಚೆನ್ನಾಗಿ ಶುಚಿಯಾಗುತ್ತದೆ. ತಲೆಗೂದಲು ಉದ್ದವಾಗಿದ್ದರೆ, ತಲೆಗೆ ಹಾಕಿಕೊಳ್ಳುವ ದಿನ ಇನ್ನೂ ಎರಡು ಮೂರು ಲೀಟರ್ ಬೇಕು.

ಟ್ರೇಲರಿನ ಹೀಟರ್ ಬಳಸುವುದಾದರೆ, ಬಿಸಿನೀರು ಬರುವ ಮುನ್ನ ಕೊಳವೆಯಲ್ಲಿ ನಿಂತಿದ್ದ ತಣ್ಣೀರು ಹೊರಬರುತ್ತದೆ. ಅದು ಶುದ್ಧ ನೀರು. ಚೊಂಬಿನಲ್ಲಿ ಹಿಡಿದು ಕೈಕಾಲು ತೊಳೆಯಲು ಇಟ್ಟುಕೊಳ್ಳಬೇಕು. ಹಲ್ಲುಜ್ಜಲು ಒಂದು ಲೋಟ ಸಾಕೆಂಬುದನ್ನು ಹೇಳಬೇಕಾಗಿಲ್ಲ. ಪಂಪಿನ ಸ್ವಿಚ್ಚನ್ನು ಬೇಕಾದಾಗ ಮಾತ್ರ ಹಾಕುವ ಅಭ್ಯಾಸ ಬಹಳ ಮುಖ್ಯ. ಎಲ್ಲ ನಲ್ಲಿಗಳೂ ಮುಚ್ಚಿರುವಾಗ ಪಂಪು ಆಗಾಗ ತಾನಾಗಿಯೇ ಗುರ್ ಎಂದು ಓಡಿ ನಿಂತರೆ, ಎಲ್ಲೋ ಒತ್ತಡ ಇಳಿಯುತ್ತಿದೆ, ಹೆಚ್ಚಾಗಿ ಯಾವುದೋ ಜೋಡಣೆ ಸೋರುತ್ತಿದೆ ಎಂದೇ ಅರ್ಥ. ಸೆಕೆಂಡಿಗೊಂದು ಹನಿ ತೊಟ್ಟಿಕ್ಕಿದರೂ ದಿನಕ್ಕೆ ನಾಲ್ಕು ಲೀಟರಿನಷ್ಟಾಗುತ್ತದೆ, ಅಂದರೆ ಒಬ್ಬರ ಸ್ನಾನದ ನೀರು.

ಇಬ್ಬರ ದಿನದ ಲೆಕ್ಕವನ್ನು ನಾನು ಹೀಗೆ ಹಾಕುತ್ತೇನೆ. ಕುಡಿಯಲು ಮತ್ತು ಅಡುಗೆಗೆ 8 ಲೀಟರ್, ಎರಡು ಹೊತ್ತಿನ ಪಾತ್ರೆಗೆ 5, ಒಬ್ಬೊಬ್ಬರು ದಿನ ಬಿಟ್ಟು ದಿನ ಸ್ನಾನ ಮಾಡಿದರೆ 5, ಮುಖ, ಕೈ, ಹಲ್ಲಿಗೆ 4, ಶೌಚಕ್ಕೆ 4, ಒಟ್ಟು 26. ಟ್ಯಾಂಕು 80 ಲೀಟರಿನದಾದರೆ ಮೂರು ದಿನ ಸಾಲುತ್ತದೆ, ಬಳಸಿದ ನೀರಿನ ಟ್ಯಾಂಕಿಗೆ ಇಳಿಯುವುದು ದಿನಕ್ಕೆ 14 ಲೀಟರ್ ಮಾತ್ರ. ಕುಡಿಯುವ ಮತ್ತು ಅಡುಗೆಯ ನೀರನ್ನು ಬೇರೆ ಕ್ಯಾನುಗಳಲ್ಲಿ ಒಯ್ದರೆ ಅದೇ ಟ್ಯಾಂಕು ನಾಲ್ಕು ದಿನಕ್ಕೆ ಬರುತ್ತದೆ. ಸೆಕೆಯ ದಿನಗಳಲ್ಲಿ ಮೊದಲನೆಯ ಅಂಕಿಯನ್ನು ಹೆಚ್ಚಿಸಬೇಕು.

ಆ ಮೊದಲನೆಯ ಅಂಕಿಯನ್ನು ಮಾತ್ರ ಯಾವ ಕಾರಣಕ್ಕೂ ಇಳಿಸಬಾರದು. ನೀರು ಉಳಿಸುವ ಹುರುಪಿನಲ್ಲಿ ಕಡಿಮೆ ಕುಡಿದು ತಲೆನೋವು ತಂದುಕೊಳ್ಳುವವರನ್ನು ನೋಡಿದಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ. ಅಡುಗೆಗೆ ಮುಂಚೆ ಮತ್ತು ಶೌಚದ ನಂತರ ಸೋಪು ಹಚ್ಚಿ ಕೈ ತೊಳೆಯುವುದರಲ್ಲಿಯೂ ಚೌಕಾಸಿ ಸಲ್ಲದು. ಇನ್ನು ಮಲ ಸಂಗ್ರಹದ ಟ್ಯಾಂಕು ಟ್ರೇಲರಿಗೇ ಜೋಡಿಸಿದ್ದಾಗಿದ್ದರೆ, ಅಲ್ಲಿ ನೀರು ಉಳಿಸುವುದು ತಿರುಗುಬಾಣವಾಗುತ್ತದೆ: ದ್ರವ ಸಾಲದಿದ್ದರೆ ಗಟ್ಟಿಯಾದದ್ದು ಶೌಚದ ಬಾಯಿಯ ಕೆಳಗೇ ಗುಡ್ಡೆಯಾಗಿ ಕೂತು ಒಣಗಿ, ಕವಾಟ ತೆರೆದರೂ ಇಳಿಯುವುದಿಲ್ಲ. ಪ್ರತಿ ಸಲ ಖಾಲಿ ಮಾಡಿದ ಮೇಲೆ ಆ ಟ್ಯಾಂಕಿನ ತಳ ಮುಚ್ಚುವಷ್ಟು ನೀರನ್ನು ಹಾಕಿಯೇ ಮತ್ತೆ ಬಳಸಲು ಆರಂಭಿಸಬೇಕು; ಪಾತ್ರೆ ಜಾಲಿಸಿ ಉಳಿದ ನೀರನ್ನು ಎತ್ತಿಟ್ಟುಕೊಂಡಿದ್ದರೆ ಅದಕ್ಕೆ ಅದೇ ಸಾಕು.