ಕಲ್ಲಿನ ತೂಕ ಕಳೆದು

ಬೆಳ್ಳಿ ಅಂಗಡೀಲಿ ಕೆಲಸಕ್ಕೆ ಸೇರಿದ ಮೊದಲ ವಾರದಲ್ಲೇ ಕಲಿಸಿಕೊಡೋ ಲೆಕ್ಕ ಒಂದಿದೆ. ಸರದಲ್ಲಿ ಕಲ್ಲಿದ್ರೆ ಒಟ್ಟು ತೂಕದಲ್ಲಿ ಕಲ್ಲಿನ ತೂಕ ಕಳೀಬೇಕು, ಉಳಿದಿದ್ದಕ್ಕೆ ಗ್ರಾಮಿಗೆ ಇವತ್ತಿನ ರೇಟು, ಮೇಲೆ ಮಜೂರಿ. ಹಳೇದು ಹಾಕಿ ಹೊಸದು ತಗೊಳ್ಳೋಕೆ ಬಂದವರಿಗೂ ಅಷ್ಟೇ, ಕಲ್ಲು ಬಿಚ್ಚಿ ಅವರ ಕೈಗೆ ಕೊಟ್ಟು ಬೆಳ್ಳಿಗೆ ಮಾತ್ರ ದುಡ್ಡು. ನಾನು ಕುಶಾಲನಗರದಲ್ಲಿ 11 ವರ್ಷದಿಂದ ಇದೇ ಕೆಲಸ ಮಾಡ್ತಿದೀನಿ. ಆ ಲೆಕ್ಕ ತಪ್ಪು ಅಂತ ಹೇಳ್ತಿಲ್ಲ, ಬೆಳ್ಳಿ ವ್ಯಾಪಾರ ನಡೆಯೋದೇ ಹಾಗೆ. ಆದ್ರೆ ದಿನಾ ಕಳೆದು ಕಳೆದು ಕಲ್ಲು ಅಂದ್ರೆ ಲೆಕ್ಕಕ್ಕೆ ಬರದ ವಸ್ತು ಅಂತ ನನ್ನ ತಲೇಲಿ ಕೂತುಬಿಟ್ಟಿತ್ತು, ಅದರಿಂದ ಒಬ್ಬ ಅಜ್ಜಿಯ ಸರ ಹಾಳು ಮಾಡಿದೆ. ಈಗ ಅಂಗಡಿಗೆ ಹೊಸಬರು ಬರ್ತಿದಾರೆ, ಅವರಿಗಾದ್ರೂ ಗೊತ್ತಿರಲಿ ಅಂತ ಬರೀತಿದೀನಿ.

ಕೆಲಸಕ್ಕೆ ಸೇರಿ ಎರಡನೇ ವರ್ಷ. ಲೋಸಾರ್ ಹತ್ರ ಬಂದಿತ್ತು, ಅಂದ್ರೆ ಟಿಬೆಟಿನವರ ಹೊಸ ವರ್ಷ, ಫೆಬ್ರವರಿ ಮಾರ್ಚಲ್ಲಿ ಬರುತ್ತೆ. ಹೊಳೆ ದಾಟಿದ್ರೆ ಬೈಲಕುಪ್ಪೆ, ಜಿಲ್ಲೆ ಮೈಸೂರು ಆದ್ರೂ ಅವರಿಗೆಲ್ಲ ಪೇಟೆ ಅಂದ್ರೆ ನಮ್ಮ ಕುಶಾಲನಗರಾನೇ. 1959ರಲ್ಲಿ ಟಿಬೆಟ್ ಬಿಟ್ಟು ಬಂದವರಿಗೆ 1961ರಲ್ಲಿ ಅಲ್ಲಿ ಜಾಗ ಆಯ್ತು, ಆಗ ಬೆಟ್ಟ ದಾಟಿ ಬಂದ ಎಷ್ಟೋ ಜನರ ಆಸ್ತಿ ಅಂದ್ರೆ ಮೈಮೇಲೆ ಹಾಕ್ಕೊಂಡಿದ್ದು ಅಷ್ಟೇ. ಆ ಅಜ್ಜಿ ತಂದಿದ್ದೂ ಅಂಥದ್ದೇ ಒಂದು ಸರ. ಮಧ್ಯದಲ್ಲಿ ಬೆಳ್ಳೀದು ಗಾವ್, ಅಂದ್ರೆ ತಾಯಿತದ ಡಬ್ಬಿ, ಎರಡು ಕಡೆ ಹವಳ, ನಡುನಡುವೆ ದಪ್ಪ ದಪ್ಪ ಫಿರೋಜಾ ಕಲ್ಲು. ಕೊಂಡಿ ಮುರಿದಿತ್ತು, ಅಷ್ಟೇ ಕೆಲಸ. ಫಿರೋಜಾ ಅಂದ್ರೆ ಟರ್ಕಾಯ್ಸ್. ನಮ್ಮ ಕಡೆ ಕೆಲವರು ಇದನ್ನ ವೈಡೂರ್ಯ ಅಂತಾರೆ, ಆದ್ರೆ ನವರತ್ನದಲ್ಲಿ ಕೂರಿಸೋ ವೈಡೂರ್ಯ ಬೇರೆ, ಅದು ಬೆಕ್ಕಿನ ಕಣ್ಣಿನ ಕಲ್ಲು, ಎರಡೂ ಒಂದೇ ಅಂದ್ಕೊಂಡು ಜ್ಯೋತಿಷಿ ಬರೆದ ಚೀಟಿ ಹಿಡ್ಕೊಂಡು ಬರ್ತಾರೆ.

ಆ ಕಲ್ಲುಗಳು ಪೂರ್ತಿ ನೀಲಿ ಇರಲಿಲ್ಲ, ಹಸಿರಿಗೆ ತಿರುಗಿ ಎಣ್ಣೆ ಹಿಡಿದ ಹಾಗೆ ಇದ್ವು. ಬೆಳ್ಳಿಯ ಕೆತ್ತನೆ ಸಂದಿಯೆಲ್ಲ ಕಪ್ಪು. ನಂಗೆ ಅದು ಕೊಳೆ ಅಂತಲೇ ಕಾಣ್ತು. ಆಚಾರ್ರು ಹೊಸ ಕೊಂಡಿ ಹಾಕಿಕೊಟ್ಟ ಮೇಲೆ, ಹಬ್ಬಕ್ಕೆ ಹಾಕ್ಕೋತಾರೆ ಪಾಪ, ಹೊಳೀಲಿ ಅಂತ ನಾನೇ ಸಿಲ್ವರ್ ಡಿಪ್‌ನಲ್ಲಿ, ಅಂದ್ರೆ ಬೆಳ್ಳಿಯ ಕಪ್ಪು ತೆಗೆಯೋ ದ್ರಾವಣದಲ್ಲಿ ಅದ್ದಿ, ನೀರು ನಡುಗಿಸಿ ತೊಳೆಯೋ ಅಲ್ಟ್ರಾಸಾನಿಕ್ ಮೆಷಿನ್‌ಗೆ ಹಾಕಿದೆ. ಯಾರೂ ಕೇಳಿರಲಿಲ್ಲ, ದುಡ್ಡೂ ತಗೊಳ್ತಿರಲಿಲ್ಲ, ಒಳ್ಳೇದು ಮಾಡ್ತಿದೀನಿ ಅನ್ನೋ ಮನಸ್ಸಲ್ಲೇ ಮಾಡಿದ್ದು. ತೆಗೆದಾಗ ಬೆಳ್ಳಿ ಪಳಪಳ. ಕಲ್ಲು ಮಾತ್ರ ಸುಣ್ಣ ಬಳಿದ ಹಾಗೆ ಬಿಳಚಿಕೊಂಡಿತ್ತು, ಒಂದರಲ್ಲಿ ಕೂದಲೆಳೆಯಷ್ಟು ಬಿರುಕು. ಒಣಗಿದ್ರೆ ಸರಿಹೋಗುತ್ತೆ ಅಂದ್ಕೊಂಡೆ.

ಮಾರನೇ ದಿನ ಅಜ್ಜಿ ಬಂದ್ರು. ಸರ ಕೈಗೆ ತಗೊಂಡು ಕಿಟಕಿ ಬೆಳಕಿಗೆ ಹಿಡಿದು ನೋಡಿ, ವಾಪಸ್ ಟೇಬಲ್ ಮೇಲಿಟ್ಟು ಹೇಳಿದ್ರು, ಇದು ನಂದಲ್ಲ, ನಂದು ಕೊಡು.

ಒಡವೆ ಅಂಗಡೀಲಿ ಅದಕ್ಕಿಂತ ದೊಡ್ಡ ಮಾತಿಲ್ಲ. ಬದಲಾಯಿಸಿದ್ರು ಅಂತ ಒಬ್ಬರು ಹೇಳಿದ್ರೆ ಊರಿಗೆಲ್ಲ ಗೊತ್ತಾಗುತ್ತೆ. ಚೀಟಿ ತೆಗೆದು ತೂಕ ಹಾಕಿದೆ, 186 ಗ್ರಾಮ್ ಚಿಲ್ಲರೆ ಅಂತ ಬರೆದಿದ್ದು ಈಗ 185 ಚಿಲ್ಲರೆ ಬಂತು, ಕೊಳೆ ಕಪ್ಪು ಎಲ್ಲ ಹೋಗಿದ್ದಕ್ಕೆ, ಅದರಿಂದ ಅನುಮಾನ ಇನ್ನೂ ಜಾಸ್ತಿ ಆಯ್ತು. ಫೋಟೋ ತೆಗೆದಿಟ್ಟಿರಲಿಲ್ಲ. ಮಾಲೀಕರು ಒಳಗಿಂದ ಬಂದು ಕೈ ಮುಗಿದ್ರು, ಅಜ್ಜಿ ಜೊತೆ ಬಂದಿದ್ದ ಹುಡುಗ ಜೋರು ಮಾಡ್ತಿದ್ದ. ಕೊನೆಗೆ ಅಜ್ಜಿ ಗಾವ್ ತಿರುಗಿಸಿ ಹಿಂಭಾಗ ಬೆರಳಲ್ಲಿ ಸವರಿ ನೋಡಿದ್ರು, ಅಲ್ಲೊಂದು ನೆಗ್ಗಿದ ಗುರುತು. ಅದು ಸಿಕ್ಕಿದ ಮೇಲೆ ಸುಮ್ಮನೆ ಕೂತುಬಿಟ್ರು. ಬೈಲಿಲ್ಲ. ನಾನು ಕಲ್ಲು ಬೇರೆ ಹಾಕಿಸಿಕೊಡ್ತೀನಿ ಮೋಲಾ ಅಂದೆ, ಮೋಲಾ ಅಂದ್ರೆ ಅವರ ಭಾಷೇಲಿ ಅಜ್ಜಿ. ತಲೆ ಆಡಿಸಿ ಬೇಡ ಅಂದ್ರು. ನಮ್ಮಮ್ಮನ ಕತ್ತಲ್ಲಿ ಹಸಿರಾಗಿದ್ದು, ನನ್ನ ಕತ್ತಲ್ಲಿ ಹಸಿರಾಗಿದ್ದು, ನೀನು ಎಲ್ಲಿಂದ ತರ್ತೀಯ ಅಂದ್ರು.

ಅವರು ಹೋದ ಮೇಲೆ ಆಚಾರ್ರು ಕೇಳಿದ ಒಂದು ಮಾತು ಇವತ್ತಿಗೂ ಕಿವೀಲಿದೆ. ಜೋಮಾಲೆ ಬಂದ್ರೆ ಬಿಸಿನೀರಿಗೆ ಹಾಕ್ತೀಯಾ ನೀನು? ಹಾಕಲ್ಲ. ಕೊಡಗಲ್ಲಿ ಬೆಳೆದವರು ಯಾರೂ ಹಾಕಲ್ಲ. ಜೋಮಾಲೆ ಅಂದ್ರೆ ಕೊಡವರ ಚಿನ್ನದ ಗುಂಡಿನ ಸರ, ಆ ಗುಂಡಿನೊಳಗೆ ಅರಗು ತುಂಬಿರ್ತಾರೆ, ಶಾಖ ತಗುಲಿದ್ರೆ ಕರಗಿ ಗುಂಡು ನೆಗ್ಗುತ್ತೆ, ಇದು ಚಿಕ್ಕಂದಿನಿಂದ ಗೊತ್ತು. ನಮ್ಮ ಒಡವೆಯ ಹೊಟ್ಟೆಯೊಳಗೆ ಏನಿದೆ ಅಂತ ತಿಳ್ಕೊಂಡು ಮುಟ್ಟೋ ನಾನು, ಅವರ ಒಡವೆಗೆ ಆ ಮರ್ಯಾದೆ ಕೊಡಲಿಲ್ಲ. ನಂಗೆ ನಾಚಿಕೆ ಆಗಿದ್ದು ಅದಕ್ಕೆ.

ಆಮೇಲೆ ಓದೋಕೆ ಶುರು ಮಾಡಿದೆ, ಜೈಪುರದಿಂದ ಕಲ್ಲು ತರೋವರನ್ನ ಕೂರಿಸಿಕೊಂಡು ಕೇಳಿದೆ. ಫಿರೋಜಾ ಅಂದ್ರೆ ತಾಮ್ರ ಮತ್ತೆ ಅಲ್ಯೂಮಿನಿಯಂ ಸೇರಿದ ಫಾಸ್ಫೇಟು, ಅದರೊಳಗೆ ನೀರಿನ ಅಂಶಾನೂ ಇರುತ್ತೆ. ತಾಮ್ರದಿಂದ ನೀಲಿ, ಕಬ್ಬಿಣ ಸೇರಿದ್ರೆ ಹಸಿರಿನ ಕಡೆ ತಿರುಗುತ್ತೆ. ಗಡಸುತನ 1ರಿಂದ 10ರ ಮೋಸ್ ಅಳತೇಲಿ 5ರಿಂದ 6, ಗಾಜಿನ ಆಸುಪಾಸು ಅಷ್ಟೇ. ಮುಖ್ಯವಾಗಿ ಅದರ ಮೈತುಂಬ ಕಣ್ಣಿಗೆ ಕಾಣದ ತೂತು, ಬೆವರು, ಎಣ್ಣೆ, ಸೋಪು, ಸೆಂಟು ಎಲ್ಲ ಕುಡಿಯುತ್ತೆ, ಕುಡಿದು ವರ್ಷಗಟ್ಟಲೆ ಬಣ್ಣ ಬದಲಾಯಿಸುತ್ತೆ. ಡಿಪ್‌ನಲ್ಲಿರೋ ಆಸಿಡ್ ಅದರ ಮೇಲ್ಮೈ ತಿಂದುಹಾಕುತ್ತೆ. ಅಂದ್ರೆ ನಾನು ಅವತ್ತು ತೊಳೆದಿದ್ದು ಎರಡು ತಲೆಮಾರಿನ ಮೈಯೆಣ್ಣೆ.

ಟಿಬೆಟಿನವರು ಈ ಕಲ್ಲಿಗೆ ಯು ಅಂತಾರೆ. ಅವರಲ್ಲಿ ಲಾ ಅನ್ನೋದು ಮನುಷ್ಯನ ಜೀವಶಕ್ತಿ, ಅದು ನೆಲೆಸೋ ಕಲ್ಲು ಅಂತ ಕತ್ತಲ್ಲಿ ಹಾಕ್ಕೊಳ್ಳೋದು ಲಾ-ಯು. ಲಡಾಖಿನ ಹೆಂಗಸರು ತಲೆ ಮೇಲೆ ಹಾಕೋ ಪೆರಾಕ್ ನೋಡಿದ್ರೆ ಹಣೆಯಿಂದ ಬೆನ್ನಿನ ತನಕ ಸಾಲು ಸಾಲು ಫಿರೋಜಾ, ತಾಯಿಯಿಂದ ಮಗಳಿಗೆ ಹೋಗೋದು. ಅಲ್ಲಿ ಬೆಳ್ಳಿ ತಗಡು ಬಿಡಿ, ಚರ್ಮಕ್ಕೋ ಬಟ್ಟೆಗೋ ನೇರ ಹೊಲಿದುಬಿಟ್ಟಿರ್ತಾರೆ. ಅದನ್ನ ನೋಡಿದಾಗ ನಂಗೆ ಹೊಳೀತು, ಬೆಳ್ಳಿ ಇಲ್ಲದೇನೂ ಈ ಕಲ್ಲು ನಡೆಯುತ್ತೆ. ನಮ್ಮ ಅಂಗಡಿ ಲೆಕ್ಕ ಇಲ್ಲಿ ತಲೆಕೆಳಗು.

ಇದೇ ಮಾತು ಅಮೆರಿಕದ ಕಡೆಯ ಸರ ನೋಡಿದಾಗ ಇನ್ನೂ ಗಟ್ಟಿಯಾಯ್ತು. ವಿರಾಜಪೇಟೆ ಕಡೆ ತೋಟ ಇರೋ ಒಬ್ಬ ಕೊಡವ ಆಂಟಿ, ಮಗಳು ಅರಿಜೋನಾದಿಂದ ತಂದ ನೆಕ್ಲೆಸ್ ತೋರಿಸೋಕೆ ಬಂದಿದ್ರು. ಅಲ್ಲಿನ ಮೂಲನಿವಾಸಿ ನವಾಹೋ ಜನ ಮಾಡೋ ಸ್ಕ್ವಾಷ್ ಬ್ಲಾಸಮ್ ಸರ, ಬೆಳ್ಳಿ ಗುಂಡುಗಳ ನಡುವೆ ಹೂವಿನ ಹಾಗೆ ಬಾಯಿ ಬಿಟ್ಟ ಗುಂಡು, ಕೆಳಗೆ ಅರ್ಧಚಂದ್ರದ ಪದಕ, ಅದಕ್ಕೆ ನಾಜಾ ಅಂತ ಹೆಸರು, ಎಲ್ಲದಕ್ಕೂ ಫಿರೋಜಾ. ಹೆಸರು ಕುಂಬಳದ ಜಾತಿಯ ಹೂವಿಂದಾದ್ರೂ ಆ ಗುಂಡಿನ ಮೂಲ ಸ್ಪೇನಿನವರ ದಾಳಿಂಬೆ ಮಾದರಿ ಬಟನ್ನು ಅಂತಾರೆ, ಅರ್ಧಚಂದ್ರ ಕುದುರೆ ಹಣೆಗೆ ಕಟ್ಟೋ ಆಭರಣದ್ದು, ಉತ್ತರ ಆಫ್ರಿಕಾ ಕಡೆಯ ಮೂರ್ ಅನ್ನೋ ಮುಸ್ಲಿಂ ಜನರಿಂದ ಸ್ಪೇನಿಗೆ, ಅಲ್ಲಿಂದ ಮೆಕ್ಸಿಕೋಗೆ ಬಂದಿದ್ದು. ಆಂಟಿ ತಮ್ಮ ಕೊಕ್ಕೆತಾತಿ, ಅಂದ್ರೆ ಕೊಡವರ ಅರ್ಧಚಂದ್ರ ಪದಕದ ಸರ, ಹಾಕ್ಕೊಂಡೇ ಬಂದಿದ್ರು, ತೆಗೆದು ಪಕ್ಕದಲ್ಲಿಟ್ರು. ಎರಡು ಅರ್ಧಚಂದ್ರ, ಒಂದು ಚಿನ್ನದ್ದು, ಅಂಚಿಗೆ ಮುತ್ತು, ಹಾವಿನ ಹೆಡೆ, ಇನ್ನೊಂದು ಬೆಳ್ಳೀದು ನೀಲಿ ಕಲ್ಲು. ಒಂದಕ್ಕೊಂದು ಯಾವ ಸಂಬಂಧಾನೂ ಇಲ್ಲ, ಆದ್ರೂ ಅಂಗಡೀಲಿದ್ದವರೆಲ್ಲ ಬಗ್ಗಿ ನೋಡಿದ್ವಿ.

ನವಾಹೋಗಳು ಬೆಳ್ಳಿ ಕೆಲಸ ಕಲಿತಿದ್ದು 19ನೇ ಶತಮಾನದ ಮಧ್ಯದಲ್ಲಿ. ಅತ್ಸಿದಿ ಸಾನಿ ಅನ್ನೋ ಕಮ್ಮಾರ ಮೆಕ್ಸಿಕೋದವರ ಹತ್ರ ಕಲಿತ, ಅವನೇ ಮೊದಲಿಗ ಅಂತ ಹೇಳ್ತಾರೆ. 1864ರಲ್ಲಿ ಅಮೆರಿಕದ ಸೈನ್ಯ ನವಾಹೋಗಳನ್ನ ನೂರಾರು ಮೈಲಿ ನಡೆಸಿ ಬಾಸ್ಕ್ ರೆಡಾಂಡೋ ಅನ್ನೋ ಕಡೆ ಕೂಡಿಹಾಕಿತ್ತು, 1868ರಲ್ಲಿ ವಾಪಸ್ ಬಂದ ಮೇಲೆ ಈ ಕಸುಬು ಹಬ್ಬಿತು. ಗಟ್ಟಿ ಬೆಳ್ಳಿ ಎಲ್ಲಿಂದ ಬರಬೇಕು, ಅಮೆರಿಕದ ಡಾಲರ್, ಮೆಕ್ಸಿಕೋದ ಪೆಸೋ ನಾಣ್ಯಗಳನ್ನೇ ಕರಗಿಸೋರು. ನಮ್ಮಲ್ಲಿ ಪತ್ತಾಕ್ ಅನ್ನೋ ಕೊಡವರ ಪದಕಕ್ಕೆ ಪವನಿನ ನಾಣ್ಯ ಹಾಗೇ ಕೂರಿಸ್ತಾರೆ, ಅವರು ಕರಗಿಸಿ ಗುಂಡು ಮಾಡಿದ್ರು. ಬೆಳ್ಳಿಗೆ ಫಿರೋಜಾ ಕೂರಿಸೋಕೆ ಶುರು ಮಾಡಿದ್ದು 1880ರ ಹೊತ್ತಿಗೆ. ಆದ್ರೆ ಅದೇ ನೆಲದ ಚಾಕೋ ಕಣಿವೇಲಿ ಸುಮಾರು 1000 ವರ್ಷದ ಹಿಂದಿನ ಸಮಾಧಿಗಳಲ್ಲಿ ಸಾವಿರಾರು ಫಿರೋಜಾ ಮಣಿ ಸಿಕ್ಕಿವೆ, ಬೆಳ್ಳಿ ಇಲ್ಲ. ಕಲ್ಲು ಅಲ್ಲೂ ಮೊದಲೇ ಇತ್ತು, ಬೆಳ್ಳಿ ಅದನ್ನ ಹಿಡ್ಕೊಳ್ಳೋಕೆ ಆಮೇಲೆ ಬಂತು. ನವಾಹೋಗಳ ಹಳೇ ಅಕ್ಕಸಾಲಿಗಳು ಕಲ್ಲಿನ ಕೆಳಗೆ ಮರದ ಹೊಟ್ಟು ಮೆತ್ತೆಯ ಹಾಗೆ ಹಾಕ್ತಿದ್ರಂತೆ, ನೀರಿಗೆ ಅದ್ದಿದ್ರೆ ಹೊಟ್ಟು ಉಬ್ಬಿ ಕಲ್ಲೇ ಎದ್ದುಬರುತ್ತೆ. ಇದನ್ನ ಓದಿದ ದಿನ ಆಚಾರ್ರಿಗೆ ಹೇಳಿದೆ, ಅವರು ನಕ್ಕು, ನಮ್ಮ ಅರಗಿನ ತಮ್ಮ ಅದು ಅಂದ್ರು.

ಯಾಕೆ ಇಷ್ಟು ಚೆಂದ ಈ ಜೋಡಿ ಅಂತ ಗಿರಾಕಿಗಳು ಕೇಳ್ತಾರೆ. ನನ್ನ ಕಣ್ಣಿಗೆ ಕಾಣೋದು ಹೇಳ್ತೀನಿ. ಚಿನ್ನದ ಪಕ್ಕ ಫಿರೋಜಾ ಇಟ್ರೆ ಚಿನ್ನ ಮುಂದೆ ಬಂದುಬಿಡುತ್ತೆ. ಬೆಳ್ಳಿ ಹಾಗಲ್ಲ, ತಾನು ಹಿಂದೆ ನಿಲ್ಲುತ್ತೆ. ಕಲ್ಲೊಳಗಿನ ಕಂದು ಕಪ್ಪು ಗೆರೆ, ಅಂದ್ರೆ ಅದು ಹುಟ್ಟಿದ ಬಂಡೆಯ ಉಳಿಕೆ, ಆ ಗೆರೆಗೂ ಬೆಳ್ಳಿ ಸಂದಿಯ ಕಪ್ಪಿಗೂ ಹೊಂದಿಕೆ. ಅದಕ್ಕೇ ಸಂದಿಯ ಕಪ್ಪು ತೆಗೀಬೇಡಿ ಅಂತ ನಾನು ಕೈಮುಗಿದು ಹೇಳೋದು, ಅದು ಹೋದ್ರೆ ಕೆತ್ತನೆ ಕಣ್ಣಿಗೇ ಕಾಣಲ್ಲ.

ಮಾರಾಟದ ವಿಷಯಕ್ಕೆ ಬಂದ್ರೆ, ಬೈಲಕುಪ್ಪೆಯ ಗೋಲ್ಡನ್ ಟೆಂಪಲ್ ನೋಡೋಕೆ ಬಂದವರು ನೀಲಿ ಮಣಿ ಸರ ಹಿಡ್ಕೊಂಡು ಇದು ಒರಿಜಿನಲ್ಲಾ ಅಂತ ನಮ್ಮ ಹತ್ರ ಬರ್ತಾರೆ. ಟೂರಿಸ್ಟಿಗೆ ಅಂತಲೇ ಹಗುರ ಮಾಲು ಮಾಡೋದು ಇಲ್ಲಿ ಮಾತ್ರ ಅಲ್ಲ, ಅಮೆರಿಕದಲ್ಲೂ 1899ರಿಂದ ಫ್ರೆಡ್ ಹಾರ್ವೆ ಕಂಪನಿ ರೈಲಲ್ಲಿ ಬರೋರಿಗೆ ಅಂತ ತೆಳು ಬೆಳ್ಳಿ ಸಣ್ಣ ಕಲ್ಲಿನ ಒಡವೆ ಮಾಡಿಸ್ತಿತ್ತು. ಅದು ಮೋಸ ಅಲ್ಲ, ಬೆಳ್ಳಿ ಬೆಳ್ಳೀನೇ. ಮೋಸ ಅಂದ್ರೆ ಹೌಲೈಟ್ ಅನ್ನೋ ಬಿಳಿ ಕಲ್ಲಿಗೆ ನೀಲಿ ಬಣ್ಣ ಹಾಕಿ ಫಿರೋಜಾ ಅನ್ನೋದು, ಜರ್ಮನ್ ಸಿಲ್ವರ್ ತೋರಿಸಿ ಬೆಳ್ಳಿ ಅನ್ನೋದು, ಅದು ತಾಮ್ರ ನಿಕ್ಕಲ್ ಸತು, ಬೆಳ್ಳಿ ಒಂದು ಚೂರೂ ಇಲ್ಲ. ದಾರ ಹೋಗೋ ತೂತಿನೊಳಗೆ ನೋಡಿ, ಬಿಳಿ ಕಂಡ್ರೆ ಅನುಮಾನ ಪಡಿ. ಉಗುರುಬಣ್ಣ ತೆಗೆಯೋ ದ್ರವ ಹತ್ತೀಲಿ ಅದ್ದಿ ಕಾಣದ ಕಡೆ ಒರೆಸಿದ್ರೆ ಬಣ್ಣ ಹತ್ತಿಗೆ ಬರಬಹುದು, ಆದ್ರೆ ಹಳೇ ಕಲ್ಲಿನ ಮೇಲೆ ಇದನ್ನ ಮಾಡಲೇಬೇಡಿ. ನಡುವೆ ಇನ್ನೊಂದು ಜಾತಿ ಇದೆ, ನಿಜವಾದ ಫಿರೋಜಾನೇ ಆದ್ರೆ ಮೆತ್ತಗಿರುತ್ತೆ ಅಂತ ರೆಸಿನ್ ಕುಡಿಸಿ ಗಟ್ಟಿ ಮಾಡಿರೋದು. ಮಾರ್ಕೆಟಲ್ಲಿ ಬಹಳ ಸಿಗೋದು ಇದೇ. ಅದನ್ನ ಮಾರೋದು ತಪ್ಪಲ್ಲ, ಹೇಳದೆ ಮಾರೋದು ತಪ್ಪು, ನಾನು ಬಿಲ್ಲಲ್ಲೇ ಬರೀತೀನಿ, ಬೆಳ್ಳಿ 925, ಅಂದ್ರೆ ಸಾವಿರಕ್ಕೆ 925 ಪಾಲು ಶುದ್ಧ ಬೆಳ್ಳಿ ಅಂತಾನೂ ಬರೀತೀನಿ. ಇದರಿಂದ ಕೆಲವು ವ್ಯಾಪಾರ ಕೈತಪ್ಪಿದೆ, ಪರವಾಗಿಲ್ಲ.

ಮನೇಲಿ ಇಟ್ಕೊಂಡಿರೋರಿಗೆ ಎರಡು ಮಾತು. ಸೆಂಟು, ಕ್ರೀಮು ಎಲ್ಲ ಹಾಕಿ ಒಣಗಿದ ಮೇಲೆ ಸರ ಹಾಕ್ಕೊಳ್ಳಿ, ಬಿಚ್ಚಿದ ಮೇಲೆ ಮೆತ್ತನೆ ಹತ್ತಿ ಬಟ್ಟೇಲಿ ಒರೆಸಿ, ಅಷ್ಟು ಸಾಕು. ಪೇಸ್ಟು, ಹುಣಸೆಹಣ್ಣು, ಅಂಟುವಾಳದ ನೀರು ಯಾವುದೂ ಬೇಡ. ಮಡಿಕೇರಿ ಮಳೇಲಿ ಬೀರುವಿನೊಳಗಿನ ಬಟ್ಟೆಗೇ ಬೂಷ್ಟು ಹಿಡಿಯುತ್ತೆ, ಬೆಳ್ಳಿ ಕಪ್ಪಾಗದೆ ಇರುತ್ತಾ, ಅದಕ್ಕೆ ಒಣ ಬಟ್ಟೆ ಸುತ್ತಿ ಡಬ್ಬೀಲಿಟ್ಟು ಒಂದು ಸೀಮೆಸುಣ್ಣದ ತುಂಡು ಹಾಕಿಡಿ.

ಅಂಗಡೀಲಿ ಈಗ ರಿಪೇರಿಗೆ ಏನೇ ಬಂದ್ರೂ ಗಿರಾಕಿ ಎದುರಲ್ಲೇ ಹಿಂದೆ ಮುಂದೆ ಫೋಟೋ, ಚೀಟೀಲಿ ತೂಕದ ಜೊತೆ ಕಲ್ಲೆಷ್ಟು, ಬಣ್ಣ ಏನು, ಬಿರುಕು ಎಲ್ಲಿ ಅಂತ ಬರೀತೀವಿ, ತೊಳೀಬೇಕಾ ಬೇಡ್ವಾ ಅಂತ ಕೇಳಿ ಅದನ್ನೂ ಬರೀತೀವಿ. ಮಾಲೀಕರಿಗೆ ಮೊದಲು ಇದು ಟೈಮ್ ವೇಸ್ಟ್ ಅನ್ನಿಸಿತ್ತು, ಈಗ ಅವರೇ ಹೊಸಬರಿಗೆ ಹೇಳಿಕೊಡ್ತಾರೆ.

ಆ ಅಜ್ಜಿ ಮೂರು ವರ್ಷ ಬರಲಿಲ್ಲ. ನಾಲ್ಕನೇ ಲೋಸಾರ್‌ಗೆ ಬಂದ್ರು, ಸರದ ದಾರ ಸವೆದಿತ್ತು. ದಿನಾ ಹಾಕ್ಕೊಂಡಿದ್ರು ಅಂತ ಕಾಣುತ್ತೆ, ಬಿಳಚಿದ್ದ ಕಲ್ಲು ಮತ್ತೆ ಎಣ್ಣೆ ಕುಡಿದು ಬಣ್ಣ ಗಾಢ ಆಗಿತ್ತು, ಮೊದಲಿನ ಹಸಿರಲ್ಲ, ನೀಲಿ ಹಸಿರಿನ ನಡುವೆ ಎಲ್ಲೋ. ಬಿರುಕು ಹಾಗೇ ಇತ್ತು. ಚೀಟಿ ಬರೆಯುವಾಗ ನಾನು ಬಾಯಿ ಬಿಡೋ ಮೊದಲೇ, ತೊಳೀಬೇಡ ಅಂತ ಬರಿ ಅಂದ್ರು. ಬರೆದು ತೋರಿಸಿದೆ. ಕನ್ನಡ ಓದೋಕೆ ಬರಲ್ಲ ಅವರಿಗೆ, ಆದ್ರೂ ಚೀಟಿ ಕೈಗೆ ತಗೊಂಡು ಆ ಸಾಲಿನ ಮೇಲೆ ಬೆರಳಿಟ್ಟು, ಇದಾ ಅಂದ್ರು. ಹೌದು ಮೋಲಾ, ಇದೇ ಅಂದೆ.